ಐವತ್ತೆಂಟನೇ ಮನೆಯ ಕಂದು ಸ್ಟಿಕ್ಕರ್

"ಮೂರು ಸಲ ಬಂದಾಯ್ತು ಕಣೇ. ಇವರು ಮನೇಲಿ ಇರೋದೇ ಇಲ್ಲ. ಯಾವುದೋ ಒಂದು ಬಣ್ಣ ಅಂಟಿಸಿಬಿಡು, ನಂಗೆ ಹಸಿವಾಗ್ತಿದೆ," ಎಂದಳು ಪಟಪಟಿ.

ಐವತ್ತೆಂಟನೇ ಮನೆಯ ಬಾಗಿಲಲ್ಲಿ ಬೀಗ ನೇತಾಡುತ್ತಿತ್ತು. ಗುಂಗುರಿ ಗೇಟಿನ ಸರಳುಗಳ ನಡುವೆ ಮೂಗು ತೂರಿಸಿ ನೋಡುತ್ತಿದ್ದಳು. ಅವಳ ಕೈಯಲ್ಲಿ ಫಾರಂ ಸಿಕ್ಕಿಸಿದ ರಟ್ಟು, ಬಾಯಲ್ಲಿ ಪೆನ್ಸಿಲ್.

ಇಬ್ಬರೂ ಐದನೇ ಕ್ಲಾಸು. ಪಟಪಟಿಗೆ ಆ ಹೆಸರು ಯಾಕೆ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಗುಂಗುರಿಗೆ ಮಾತ್ರ ಹೆಸರು ಬಂದದ್ದು ಕೂದಲಿನಿಂದ. ಎಳೆದು ಬಿಟ್ಟರೆ ಸ್ಪ್ರಿಂಗಿನ ಹಾಗೆ ಟಣ್ಣನೆ ವಾಪಸ್ ಹೋಗುವ ಸುರುಳಿ ಸುರುಳಿ ಕೂದಲು. ಇಡೀ ಬಡಾವಣೆಯಲ್ಲಿ ಅಂಥ ತಲೆ ಇದ್ದದ್ದು ಮೂರೇ. ಅಜ್ಜಿಯದು, ಅಮ್ಮನದು, ಅವಳದು.

ಬಡಾವಣೆಯೇನು ದೊಡ್ಡದಲ್ಲ. ಊರು ಮುಗಿದ ಮೇಲೆ, ಬ್ರೆಡ್ ಫ್ಯಾಕ್ಟರಿಗೆ ಮೊದಲು, ಮೂರು ಬೀದಿ, ಅರವತ್ತೆರಡು ಮನೆ. ಫ್ಯಾಕ್ಟರಿ ಕೆಲಸಕ್ಕೆಂದು ಒಬ್ಬೊಬ್ಬರು ಒಂದೊಂದು ದಿಕ್ಕಿನಿಂದ ಬಂದು ಸೇರಿಕೊಂಡವರು. ಮಿಸ್ ಅದನ್ನೇ ಪ್ರಾಜೆಕ್ಟ್ ಮಾಡಿಸುತ್ತಿದ್ದರು. ಗೋಡೆಯ ಚಾರ್ಟಿನಲ್ಲಿ ಮನೆಗೊಂದು ಚೌಕ. ಬೆಟ್ಟದ ಕಡೆಯಿಂದ ಬಂದವರಿಗೆ ಹಸಿರು ಸ್ಟಿಕ್ಕರ್, ಸಮುದ್ರದ ಕಡೆಯವರಿಗೆ ನೀಲಿ, ಹೊಳೆಯಾಚೆಯವರಿಗೆ ಹಳದಿ, ತಾತನ ಕಾಲದಿಂದ ಇಲ್ಲೇ ಇದ್ದವರಿಗೆ ಕೆಂಪು. ಯಾವುದಕ್ಕೂ ಸೇರದವರಿಗೆ ಕಂದು. ಕಂದು ಅಂದರೆ 'ಇತರರು'.

ಕಂದು ಇದ್ದದ್ದು ಒಂದೇ ಒಂದು. ಹದಿನೇಳನೇ ಮನೆ, ಗುಂಗುರಿಯದು. ಚಾರ್ಟಿನ ಮೇಲೆ ನೊಣ ಕೂತ ಹಾಗಿದೆ ಎಂದು ಹಿಂದಿನ ಬೆಂಚಿನವರು ನಕ್ಕಿದ್ದರು. ಗುಂಗುರಿಯೂ ನಕ್ಕಿದ್ದಳು, ಸ್ವಲ್ಪ ತಡವಾಗಿ.

ಅವಳ ಚಿಂತೆ ನೊಣದ್ದಲ್ಲ, ಅಜ್ಜಿಯದು. ಅಜ್ಜಿ ಇಲ್ಲಿಗೆ ಬಂದು ಒಂದೂವರೆ ವರ್ಷವಾಗಿತ್ತು. ಅವಳಿಗೆ ಬರುವುದು ಅವಳ ಭಾಷೆಯೊಂದೇ. ಅಪ್ಪನಿಗೆ ಅದರಲ್ಲಿ 'ಬಿಸಿನೀರು', 'ಸಾಕು' ಎಂಬ ಎರಡು ಪದ ಗೊತ್ತು. ಅತ್ತೆಯ ಹತ್ತಿರ ಆ ಎರಡರಲ್ಲೇ ಹೇಗೋ ನಿಭಾಯಿಸುತ್ತಿದ್ದರು. ಅಮ್ಮ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮುಗಿಸಿ ಬಂದರೆ, ಅಜ್ಜಿಯ ಮಾತಿಗೆ ಹೂಂ, ಹೂಂ ಎನ್ನುತ್ತ ಮೂರನೇ ಹೂಂಗೆ ನಿದ್ದೆ ಹೋಗುತ್ತಿದ್ದಳು. ಉಳಿದವಳು ಗುಂಗುರಿ. ನಾಲ್ಕು ಗಂಟೆಗೆ ಅವಳು ಸ್ಕೂಲಿನಿಂದ ಬರುವ ತನಕ ಅಜ್ಜಿ ವಾಷಿಂಗ್ ಮಷೀನನ್ನು ಬೈದುಕೊಂಡು ಇರುತ್ತಿದ್ದಳು. ಅದು ತಿರುಗಿ ಒಂದು ಮಾತೂ ಆಡುತ್ತಿರಲಿಲ್ಲ.

ಒಂದು ದಿನ ಕಿಟಕಿಯ ಹತ್ತಿರ ಕೂತು ಅಜ್ಜಿ ಕೇಳಿದ್ದಳು. "ಇಷ್ಟೊಂದು ಮನೆ ಇದಾವಲ್ಲೇ, ನಮ್ಮವರದು ಒಂದಾದ್ರೂ ಇರಲ್ವಾ?"

ಅದಕ್ಕೇ ಗುಂಗುರಿ, ಮಿಸ್ ಕೊಟ್ಟ ನಾಲ್ಕು ಪ್ರಶ್ನೆ ಮುಗಿದ ಮೇಲೆ, ಪ್ರತಿ ಮನೆಯಲ್ಲೂ ಅಜ್ಜಿಯ ಭಾಷೆಯಲ್ಲಿ 'ಚೆನ್ನಾಗಿದೀರಾ' ಎಂದು ಕೇಳಿ ಮುಖ ನೋಡುತ್ತಿದ್ದಳು. ಯಾರ ಮುಖವೂ ಅರಳಲಿಲ್ಲ. ಟೈಲರ್ ಅಂಕಲ್ ಅಂತೂ ಗಂಟಲು ನೋಯುತ್ತಾ ಪುಟ್ಟಾ ಎಂದು ವಿಚಾರಿಸಿಕೊಂಡರು. ಹಾಗೇ ಅರವತ್ತೊಂದು ಮನೆ ಮುಗಿದು, ಉಳಿದದ್ದು ಈ ಐವತ್ತೆಂಟನೆಯದು.

ಆಗ ಅವಳ ಕಣ್ಣಿಗೆ ಬಟ್ಟೆ ಒಣಹಾಕಿದ ಹಗ್ಗ ಬಿತ್ತು. ಹಗ್ಗದ ಮೇಲೆ ಒಂದು ಹೊದಿಕೆ. ಕೆಂಪು, ಕಪ್ಪು, ಬಿಳಿ ಪಟ್ಟೆ. ಅಜ್ಜಿ ತನ್ನ ಊರಿಂದ ಹೊತ್ತು ತಂದಿದ್ದ ಹೊದಿಕೆಯೂ ಹೀಗೇ ಇತ್ತು. ಇವರೇ. ನಮ್ಮವರೇ. ಇಲ್ಲದಿದ್ದರೆ ಆ ಹೊದಿಕೆ ಎಲ್ಲಿಂದ ಬರುತ್ತೆ?

ಫಾರಂನಲ್ಲಿ 'ಮನೆಯಲ್ಲಿ ಆಡುವ ಭಾಷೆ' ಎಂದಿದ್ದ ಕಡೆ ಅಜ್ಜಿಯ ಭಾಷೆಯ ಹೆಸರು ಬರೆದಳು. ಮಾರನೆಯ ದಿನ ಚಾರ್ಟಿನಲ್ಲಿ ಎರಡನೆಯ ಕಂದು ಸ್ಟಿಕ್ಕರ್ ಅಂಟಿತು. ಅದನ್ನು ಅವಳು ಹೆಬ್ಬೆರಳಿನಿಂದ ಎರಡು ಸಲ ಒತ್ತಿದಳು.

ವಿಷಯ ಅಲ್ಲಿಗೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಶುಕ್ರವಾರ ಮನೆಯವರಿಗೆಲ್ಲ ಚಾರ್ಟ್ ತೋರಿಸುವ ದಿನ. ಅಪ್ಪ, ಅಮ್ಮ ಇಬ್ಬರಿಗೂ ಡ್ಯೂಟಿ ಇದ್ದುದರಿಂದ ಅಜ್ಜಿ ಬಂದಳು. ಮಿಸ್ ಅಜ್ಜಿಯ ಕೈ ಹಿಡಿದು ಚಾರ್ಟಿನ ಹತ್ತಿರ ಕರೆದುಕೊಂಡು ಹೋದರು. ಅಜ್ಜಿಯ ಭಾಷೆ ಬಾರದು, ಪಾಪ, ಕೈಸನ್ನೆಯಲ್ಲೇ ಹೇಳಿದರು. ಹದಿನೇಳನ್ನು ಮುಟ್ಟಿ ಅಜ್ಜಿಯನ್ನು ತೋರಿಸಿದರು. ಐವತ್ತೆಂಟನ್ನು ಮುಟ್ಟಿದರು. ಆಮೇಲೆ ಎರಡು ತೋರುಬೆರಳನ್ನು ಜೋಡಿಸಿ ನಕ್ಕರು.

ಅಜ್ಜಿ ನಿಧಾನವಾಗಿ ಗುಂಗುರಿಯ ಕಡೆ ತಿರುಗಿದಳು. "ನಮ್ಮವರಾ?"

ಆ ಮುಖ ನೋಡಿ ಗುಂಗುರಿಗೆ ಇಲ್ಲ ಎನ್ನಲು ಆಗಲಿಲ್ಲ. ಹೌದೆಂದು ತಲೆಯಾಡಿಸಿಬಿಟ್ಟಳು.

ಆಮೇಲೆ ಶುರುವಾಯಿತು ನೋಡಿ. ಅವರಿಗೆ ವಯಸ್ಸೆಷ್ಟು, ಮಕ್ಕಳೆಷ್ಟು, ನಮ್ಮ ಊರಿನ ಆ ಬದಿಯವರೋ ಈ ಬದಿಯವರೋ ಎಂದು ಅಜ್ಜಿ ದಾರಿಯುದ್ದಕ್ಕೂ ಕೇಳಿದಳು. ಶನಿವಾರ ಟ್ರಂಕಿನ ತಳದಿಂದ ಒಳ್ಳೆಯ ಬಟ್ಟೆ ತೆಗೆದು ಇಸ್ತ್ರಿ ಮಾಡಿಸಿಕೊಂಡಳು. ಭಾನುವಾರ ಬೆಳಿಗ್ಗೆ ಎಣ್ಣೆ ಹಚ್ಚಿ, ಹಠಮಾರಿ ಸುರುಳಿಗಳನ್ನೆಲ್ಲ ಒಪ್ಪವಾಗಿ ಬಾಚಿಕೊಂಡಳು. ಗುಂಗುರಿ ಹೊಟ್ಟೆನೋವು ಎಂದು ಮುದುರಿ ಮಲಗಿದಳು. ಅಜ್ಜಿ ಬಿಸಿನೀರು ಕುಡಿಸಿ, ಪಕ್ಕದಲ್ಲೇ ಕೂತು, ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. "ಹೋಯ್ತಾ? ಸರಿ, ಏಳು. ಚಪ್ಪಲಿ ಹಾಕ್ಕೋ."

ಐವತ್ತೆಂಟರ ಬಾಗಿಲಲ್ಲಿ ಅವತ್ತು ಬೀಗವಿರಲಿಲ್ಲ.

ಬಾಗಿಲು ತೆರೆದವರು ಬ್ರೆಡ್ ವ್ಯಾನ್ ಓಡಿಸುವ ಆಂಟಿ. ಆ ವ್ಯಾನನ್ನು ಗುಂಗುರಿ ದಿನಾ ನೋಡಿದ್ದಳು, ಓಡಿಸುವವರ ಮುಖ ನೋಡಿರಲಿಲ್ಲ. ಕತ್ತಿನವರೆಗೆ ಕತ್ತರಿಸಿದ ನೆಟ್ಟನೆಯ ಕೂದಲು. ಅಜ್ಜಿ ಆ ಕೂದಲನ್ನು ಒಂದು ಗಳಿಗೆ ನೋಡಿದಳು. ಆದರೂ ಮಾತು ತಡೆಯಲಾಗಲಿಲ್ಲ. ಒಂದೂವರೆ ವರ್ಷದ್ದು ಒಟ್ಟಿಗೆ ಹೊರಬಂತು. ನೀನಿರೋದು ಗೊತ್ತಿದ್ರೆ ಯಾವತ್ತೋ ಬರ್ತಿದ್ದೆ, ಯಾವ ಊರಮ್ಮಾ, ಯಾರ ಮನೆಯವಳು...

ಆಂಟಿ ಗುಂಗುರಿಯನ್ನು ನೋಡಿದರು. "ಅಜ್ಜಿ ಏನಂತಿದಾರೆ ಮರಿ?"

ಗುಂಗುರಿಗೆ ಓಡಿಹೋಗಬೇಕು ಅನ್ನಿಸಿತು. ಆದರೆ ಅಲ್ಲಿ ಎರಡು ಭಾಷೆಯೂ ಬರುತ್ತಿದ್ದದ್ದು ಅವಳೊಬ್ಬಳಿಗೇ. ಹೊದಿಕೆ ನೋಡಿದ್ದು, ಕೇಳದೆಯೇ ಬರೆದದ್ದು, ಅಜ್ಜಿಗೆ ಹೌದು ಎಂದದ್ದು, ಎಲ್ಲವನ್ನೂ ಮೊದಲು ಆಂಟಿಗೆ ಹೇಳಿದಳು. ಆಮೇಲೆ ಅಜ್ಜಿಗೆ ಹೇಳಿದಳು. ಒಂದೇ ತಪ್ಪನ್ನು ಎರಡು ಭಾಷೆಯಲ್ಲಿ ಒಪ್ಪಿಕೊಳ್ಳಬೇಕಾಯಿತು. ಎರಡನೆಯ ಸಲ ಹೆಚ್ಚು ಕಷ್ಟವಾಯಿತು.

ಅಜ್ಜಿ ಇಸ್ತ್ರಿ ಮಾಡಿದ ಬಟ್ಟೆಯ ಅಂಚನ್ನು ಸುಮ್ಮನೆ ಸವರಿಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಆ ಹೊದಿಕೇನಾ? ಅದು ಬಸ್ ಸ್ಟ್ಯಾಂಡ್ ಎದುರಿನ ಅಂಗಡೀಲಿ ತಗೊಂಡಿದ್ದು," ಎಂದ ಆಂಟಿ, ನಗದೆ ಬಾಗಿಲನ್ನು ಅಗಲ ಮಾಡಿದರು. "ಬಂದಿದೀರಲ್ಲ, ಕೂತ್ಕೊಳ್ಳಿ. ನೀನು ಈಗ ಸರಿಯಾಗಿ ಕೇಳು, ಮರಿ. ಬರ್ಕೋ."

ಒಂದು ಮಂಚ, ಒಂದು ಕುರ್ಚಿ, ಒಂದು ಸ್ಟೂಲು. ಕುರ್ಚಿ ಅಜ್ಜಿಗಾಯಿತು. ಗುಂಗುರಿ ಆಂಟಿ ಕೊಟ್ಟ ಹಾಳೆ, ಪೆನ್ಸಿಲ್ ಹಿಡಿದು ಸ್ಟೂಲಿನ ಮೇಲೆ ಕೂತು, ಬಾಯಿಪಾಠವಾಗಿದ್ದ ಪ್ರಶ್ನೆಗಳನ್ನು ತಗ್ಗಿದ ದನಿಯಲ್ಲಿ ಕೇಳತೊಡಗಿದಳು. ಮನೆಯಲ್ಲಿ ಎಷ್ಟು ಜನ? ಒಬ್ಬರೇ. ಎಲ್ಲಿಂದ ಬಂದಿರಿ? ಆಂಟಿ ಒಂದು ಊರಿನ ಹೆಸರು ಹೇಳಿದರು. ಮಿಸ್ ಹೇಳಿದ ಯಾವ ದಿಕ್ಕಿಗೂ ಅದು ಸೇರಿರಲಿಲ್ಲ, ಅಜ್ಜಿಯ ದಿಕ್ಕಿಗೂ ಇಲ್ಲ. ಬಂದು ಎಷ್ಟು ವರ್ಷ? ಹನ್ನೊಂದು.

"ಮನೆಯಲ್ಲಿ ಆಡುವ ಭಾಷೆ?"

"ಯಾರ ಹತ್ರ ಆಡ್ಲಿ ಮರಿ?" ಎಂದರು ಆಂಟಿ. "ಇರೋದೇ ನಾನೊಬ್ಬಳು."

ಗುಂಗುರಿಯ ಪೆನ್ಸಿಲ್ ನಿಂತಿತು. ಇದನ್ನು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ.

ಅವಳೇನಂದಳು ಎಂದು ಅಜ್ಜಿ ಕೇಳಿದಳು. ಗುಂಗುರಿ ಹೇಳಿದಳು. ಅಜ್ಜಿ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು.

"ಅವಳ ಮಾತಲ್ಲೇ ಏನಾದ್ರೂ ಹೇಳೋಕೆ ಹೇಳು. ನಾನು ಕೇಳಿಸ್ಕೋತೀನಿ."

ಆಂಟಿಗೆ ನಾಚಿಕೆಯಾಯಿತು. ಅರ್ಥ ಆಗಲ್ವಲ್ಲ ಎಂದರು. ಅಜ್ಜಿ ಜಗ್ಗಲಿಲ್ಲ, ಕಾದಳು. ಆಂಟಿ ಒಂದು ವಾಕ್ಯ ಹೇಳಿ ನಕ್ಕುಬಿಟ್ಟರು. ಇನ್ನೊಂದು ಹೇಳಿದರು. ಮೂರನೆಯದಾದ ಮೇಲೆ ನಿಲ್ಲಿಸಲೇ ಇಲ್ಲ. ಕೈ ಆಡಿಸುತ್ತ, ಕಿಟಕಿಯ ಕಡೆ ನೋಡುತ್ತ, ಹನ್ನೊಂದು ವರ್ಷದ್ದನ್ನು ಹೇಳುತ್ತಲೇ ಹೋದರು. ಅಜ್ಜಿ ಹೂಂಗುಟ್ಟುತ್ತಿದ್ದಳು. ಅವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಆದರೆ ಅವಳ ಯಾವ ಹೂಂ ಕೂಡ ನಿದ್ದೆಯ ಹೂಂ ಆಗಿರಲಿಲ್ಲ.

ವಾಪಸ್ ಬರುವಾಗ ಬೀದಿಯ ತಿರುವಿನಲ್ಲಿ ಅಜ್ಜಿ ಕೇಳಿದಳು. "ಒಂದು ಮಾತನ್ನ ಮತ್ತೆ ಮತ್ತೆ ಅಂತಿದ್ಲಲ್ಲ, ಗಮನಿಸಿದ್ಯಾ? ಅದು ಯಾರದೋ ಹೆಸರು."

"ನಿಂಗೆ ಹ್ಯಾಗೆ ಗೊತ್ತಾಯ್ತು?"

"ಗೊತ್ತಾಗುತ್ತೆ." ಅಜ್ಜಿ ನಾಲ್ಕು ಹೆಜ್ಜೆ ಹಾಕಿ, ತಾನೂ ಒಂದು ಹೆಸರು ಹೇಳಿದಳು, ಮೆಲ್ಲಗೆ. ಗುಂಗುರಿ ಆ ಹೆಸರನ್ನು ಕೇಳಿಯೇ ಇರಲಿಲ್ಲ.

"ಅದ್ಯಾರಜ್ಜಿ?"

"ಪಕ್ಕದ ಮನೆಯವಳು. ಮಹಾ ಜಗಳಗಂಟಿ. ನಲವತ್ತು ವರ್ಷ ಗೋಡೆಯ ಆಕಡೆ ಅವಳು, ಈಕಡೆ ನಾನು."

ಒಂದೂವರೆ ವರ್ಷದಿಂದ ಗುಂಗುರಿ ಅಜ್ಜಿಗೆ ಸ್ಕೂಲಿನ ಸುದ್ದಿಯನ್ನೆಲ್ಲ ಹೇಳಿದ್ದಳು. ಅಜ್ಜಿಯನ್ನು ಒಂದು ದಿನವಾದರೂ ಏನಾದರೂ ಕೇಳಿದ್ದೆನೇ ಎಂದು ನೆನಪು ಮಾಡಿಕೊಂಡಳು. ನೆನಪಾಗಲಿಲ್ಲ.

"ಯಾತಕ್ಕೆ ಜಗಳ ಆಡ್ತಿದ್ರಿ?"

"ಯಾವುದು ಹೇಳ್ಲಿ? ಮೊದಲನೇದು ಅವಳ ಕೋಳಿದು..."

ಅಜ್ಜಿಯ ದನಿ ಏರಿತು. ಪಕ್ಕದ ಮನೆಯವಳ ಹಾಗೆ ಸೊಂಟಕ್ಕೆ ಕೈಯಿಟ್ಟು ತೋರಿಸಿದಳು, ಕೋಳಿಯ ಹಾಗೆ ಕತ್ತು ಕೊಂಕಿಸಿದಳು. ಗೋಡೆಯ ಜಗಳ ಬಂತು, ಬಾವಿಯ ಹಗ್ಗದ ಜಗಳ ಬಂತು.

ಹದಿನೇಳನೇ ಮನೆಯ ಗೇಟು ಹಿಂದೆ ಉಳಿದದ್ದು ಗುಂಗುರಿಗೆ ಗೊತ್ತಾಯಿತು. ಅಜ್ಜಿಗೆ ಹೇಳಲಿಲ್ಲ. ಅವಳ ಕೈ ಹಿಡಿದುಕೊಂಡು, "ಆಮೇಲೆ?" ಎಂದಳು.