ಅಜ್ಜಿ ಒತ್ತಿದ ಗುಂಡಿ

"ಒತ್ತಿದ್ದೆ ಕಣೇ," ಅಂದಳು ಅಜ್ಜಿ, ಬಚ್ಚಲಮನೆಯ ನೆಲದ ಮೇಲೆ ಕೂತೇ.

"ಒತ್ತಿದ್ರೆ ಇದು ಬಡ್ಕೊಳ್ತಿರ್ಲಿಲ್ವಾ?" ಅಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪುಟ್ಟ ಪೆಟ್ಟಿಗೆಯನ್ನು ತೋರಿಸಿದಳು. "ಬೆಳಿಗ್ಗೆಯಿಂದ ಇಲ್ಲೇ ಇದೆ. ಕಮಕ್ ಕಿಮಕ್ ಅಂದಿಲ್ಲ."

ಚೋಟಿ ಒಂದು ಕಡೆ, ಅಮ್ಮ ಒಂದು ಕಡೆ ಹಿಡಿದು ಅಜ್ಜಿಯನ್ನು ಎಬ್ಬಿಸಿದರು. ಬಟ್ಟೆಯೆಲ್ಲ ಒದ್ದೆಯಾಗಿತ್ತು, ಮೊಣಕೈ ತರಚಿತ್ತು. ಎಷ್ಟು ಹೊತ್ತು ಹಾಗೆ ಬಿದ್ದಿದ್ದಳೋ, ಪಾದಗಳು ತಣ್ಣಗಾಗಿದ್ದವು. ಶಾಲೆಯಿಂದ ಬಂದ ಚೋಟಿ ಕೈಕಾಲು ತೊಳೆಯಲು ಹೋಗದಿದ್ದರೆ ಇನ್ನೆಷ್ಟು ಹೊತ್ತಾಗುತ್ತಿತ್ತೋ.

ಚೋಟಿಗೆ ಶಾಲೆಯಲ್ಲಿ ಬೇರೆ ಹೆಸರಿದೆ. ಚೋಟುದ್ದ ಇದ್ದಾಳೆ ಅಂತ ಮನೆಯಲ್ಲಿ ಚೋಟಿ. ಅವಳ ಅಮ್ಮನ ಕೆಲಸ ರೇಡಿಯೊ ರಿಸೀವರ್‌ಗಳ ಸರ್ಕ್ಯೂಟ್ ಡಿಸೈನ್ ಮಾಡುವುದು. ಹಾಡು ಬರುವ ರೇಡಿಯೊ ಅಲ್ಲ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ವೈರ್ ಇಲ್ಲದೆ ಸುದ್ದಿ ಮುಟ್ಟಿಸುವಂಥವು, ಉಗುರಿನಷ್ಟು ಚಿಕ್ಕವು. ಮಹಡಿಯ ಕೋಣೆಯಲ್ಲೇ ಅವಳ ಕೆಲಸದ ಮೇಜು. ಅಜ್ಜಿಗೆ ಕಾಲು ಸೋತ ಮೇಲೆ ಮನೆಗೂ ಅಂಥದೊಂದು ಮಾಡಿದ್ದಳು. ಅಜ್ಜಿಯ ಕೊರಳಲ್ಲಿ ಒಂದು ಗುಂಡಿ, ಅಮ್ಮನ ಸೊಂಟದಲ್ಲಿ ರಿಸೀವರ್. ಅಜ್ಜಿ ಒತ್ತಿದರೆ ರಿಸೀವರ್ ಕಿರುಚಬೇಕು. ಒಮ್ಮೊಮ್ಮೆ ಕಿರುಚುತ್ತಿತ್ತು. ಒಮ್ಮೊಮ್ಮೆ ಇಲ್ಲ, ಒತ್ತಿದ್ದೆ ಅಂತ ಅಜ್ಜಿ ಎಷ್ಟು ಹೇಳಿದರೂ.

ಅಜ್ಜಿಗೆ ಬಟ್ಟೆ ಬದಲಿಸಿ ಮಲಗಿಸಿದ ಮೇಲೆ ಅಮ್ಮ ರಿಸೀವರನ್ನು ಮಹಡಿಯಲ್ಲಿಟ್ಟು ಬಂದು ಗುಂಡಿಯನ್ನು ಪರೀಕ್ಷೆ ಮಾಡಿದಳು. ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ರಿಸೀವರ್ ಕಿರುಚಿತು. ಬಚ್ಚಲಿನಿಂದ ಒತ್ತಿದಳು, ಬಾಗಿಲ ಹೊರಗಿನಿಂದ ಒತ್ತಿದಳು, ಕಬ್ಬಿಣದ ಬೀರುವಿನ ಹಿಂದೆ ನಿಂತೂ ಒತ್ತಿದಳು. ಪ್ರತಿ ಸಲವೂ ಕಿರುಚಿತು.

"ಮೆಷಿನ್ ಸರಿ ಇದೆ ಅಂದ್ರೆ ಅಮ್ಮಂಗೆ ಮರೆವು ಅಂತಾಯ್ತಲ್ಲ," ಅಂದ ಮಾವ ಫೋನಿನಲ್ಲಿ. ಮಾವ ಅಂದರೆ ಅಮ್ಮನ ಅಣ್ಣ. "ನೀನೊಬ್ಳೇ ಎಷ್ಟೂಂತ ನೋಡ್ಕೊಳ್ತೀಯ? ಭಾನುವಾರ ಬರ್ತೀನಿ. ಆ ವೃದ್ಧಾಶ್ರಮದಲ್ಲಿ ಯಾವಾಗ್ಲೂ ನರ್ಸ್ ಇರ್ತಾರೆ. ಕರ್ಕೊಂಡ್ ಹೋಗಿ ಬಿಟ್ಬರೋಣ."

ಅಮ್ಮ ಬೇಡ ಅನ್ನುತ್ತಾಳೆ ಅಂತ ಚೋಟಿ ಕಾದಳು. ಅಮ್ಮ ಅನ್ನಲಿಲ್ಲ.

ಚೋಟಿ ಅಜ್ಜಿಯ ಮಂಚದ ಮೇಲೆ ಹೋಗಿ ಕೂತಳು. "ಅಜ್ಜೀ, ನೀನು ನಿಜವಾಗ್ಲೂ ಒತ್ತಿದ್ಯಾ?"

ಅಜ್ಜಿ ಗೋಡೆ ನೋಡಿದಳು. "ಒತ್ತಿದ್ದೆ ಅಂತ್ಲೇ ನೆನಪು. ಆದ್ರೆ ಮೆಷಿನ್ ಯಾಕೆ ಸುಳ್ಳು ಹೇಳುತ್ತೆ? ನಂಗೇ ಅರಳುಮರಳು ಇರ್ಬೇಕು ಬಿಡು."

ಚೋಟಿಗೆ ಅಳು ಬಂತು. ಕಳೆದುಹೋದ ಸಾಕ್ಸ್ ಎಲ್ಲಿದೆ ಅಂತ ಕೂತಲ್ಲಿಂದಲೇ ಹೇಳುವ ಅಜ್ಜಿ ಇವಳು. ಈಗ ತನ್ನ ಮಾತನ್ನು ತಾನೇ ನಂಬುತ್ತಿಲ್ಲ.

ಮರುದಿನ ಚೋಟಿ ಮಹಡಿಗೆ ಹೋದಳು. ಅಮ್ಮ ಮೀಟರಿನ ಪರದೆ ನೋಡುತ್ತಿದ್ದಳು. ಮುಖ ಬಾಡಿತ್ತು.

"ಅಮ್ಮಾ, ಇದು ಯಾವಾಗ್ಲೂ ಕೇಳಿಸ್ಕೊಳ್ತಾನೇ ಇರುತ್ತಾ?"

"ಇಲ್ಲ. ಹಾಗಿದ್ರೆ ಈ ಬಿಲ್ಲೆ ಬ್ಯಾಟರಿ ವಾರಕ್ಕೇ ಖಾಲಿ. ಇದು ಮಲಗಿರುತ್ತೆ. ಆಗಾಗ ಒಂದು ಕ್ಷಣ ಎದ್ದು, ಯಾರಾದ್ರೂ ಕರೀತಿದಾರಾ ಅಂತ ಕಿವಿ ಕೊಡುತ್ತೆ. ಇಲ್ದಿದ್ರೆ ಮತ್ತೆ ಮಲಗುತ್ತೆ. ಕೋಳಿನಿದ್ದೆ. ನಮ್ಮ ಕೆಲಸವೆಲ್ಲ ಅದೇ, ಕರೆಂಟ್ ಕುಡಿಯೋದನ್ನ ಕಡಿಮೆ ಮಾಡೋದು. ಇದು ವರ್ಷಗಟ್ಲೆ ಬಾಳುತ್ತೆ, ಗೊತ್ತಾ?"

"ಮಲಗಿರುವಾಗ ಕರೆದ್ರೆ?"

"ಗುಂಡಿ ಒತ್ತಿರೋವರೆಗೂ ಅದು ಕರೀತಾನೇ ಇರುತ್ತಲ್ಲ. ಎದ್ದಾಗ ಕೇಳಿಸುತ್ತೆ. ಮೂರು ಎಣಿಸೋದ್ರೊಳಗೆ ಏಳುತ್ತೆ."

"ಹಾಗಾದ್ರೆ ಕುಂಭಕರ್ಣ ಅಲ್ಲ," ಅಂದಳು ಚೋಟಿ. ಅಮ್ಮ ನಗಲಿಲ್ಲ.

ಅಂದು ಸಂಜೆ ಚೋಟಿ ಅಜ್ಜಿಯ ಕೋಣೆಯಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದಳು. ರಬ್ಬರ್ ಉರುಳಿ ಮೇಜಿನ ಕೆಳಗೆ ಹೋಯಿತು. ಅವಳೂ ನುಸುಳಿದಳು. ಅಲ್ಲಿಂದಲೇ ಕಂಡಿತು: ಅಜ್ಜಿ ಕಣ್ಣು ಬಿಟ್ಟು, ಖಾಲಿ ನೀರಿನ ಲೋಟ ನೋಡಿ, ಕೊರಳಿನ ಗುಂಡಿಯನ್ನು ಚಕ್ಕನೆ ಒತ್ತಿ ಚಕ್ಕನೆ ಕೈ ತೆಗೆದಳು. ಬಿಸಿ ಪಾತ್ರೆ ಮುಟ್ಟಿದ ಹಾಗೆ. ಆಮೇಲೆ ಬಾಗಿಲು ನೋಡುತ್ತಾ ಸುಮ್ಮನೆ ಕಾದಳು.

ಮಹಡಿಯಲ್ಲಿ ಏನೂ ಕಿರುಚಲಿಲ್ಲ.

"ಅಜ್ಜೀ, ಇನ್ನೊಂದ್ಸಲ ಒತ್ತು!"

ಅಜ್ಜಿ ಬೆಚ್ಚಿದಳು. "ಅಯ್ಯೋ, ಅಲ್ಲಿದ್ಯಾ? ಒಂದ್ಸಲ ಒತ್ತಿದ್ನಲ್ಲ ಮಗಾ. ಅವಳು ಕೆಲಸದಲ್ಲಿರ್ತಾಳೆ. ಪದೇಪದೇ ಒತ್ತಿದ್ರೆ, ಇದೇನಪ್ಪಾ ಮುದುಕಿ ಕಾಟ, ಅನ್ಸಲ್ವಾ?"

ಚೋಟಿ ಒಂದೇ ಉಸಿರಿಗೆ ಮಹಡಿ ಹತ್ತಿದಳು. "ಅಜ್ಜಿ ಒತ್ತಿದ್ಲು! ನಾನೇ ನೋಡ್ದೆ! ಆದ್ರೆ ಹಿಡ್ಕೊಳ್ಳಲ್ಲ. ಮುಟ್ಟಿ ಬಿಟ್ಬಿಡ್ತಾಳೆ. ಆಗ ಇದು ಮಲಗಿರುತ್ತೆ!"

ಅಮ್ಮ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ಸೊಂಟದ ರಿಸೀವರನ್ನು ಬಿಚ್ಚಿ ತಿರುಗಿಸಿ ನೋಡಿದಳು.

"ಎಲ್ಲಾ ಅಳೆದೆ," ಅಂದಳು ಕೊನೆಗೆ. "ಗುಂಡಿ ಮಾತ್ರ ನನ್ನ ಬೆರಳಲ್ಲೇ ಒತ್ತಿ ಹಿಡಿದು ನೋಡ್ದೆ. ಒತ್ತಿ ಹಿಡ್ಕೋ ಅಂತ ಒಂದು ಮಾತು ಅಮ್ಮಂಗೆ ಹೇಳ್ಲಿಲ್ಲ."

ಅಮ್ಮ ಕೆಳಗಿಳಿದು ಅಜ್ಜಿಯ ಕೈ ಹಿಡಿದು ಕೂತಳು. "ನೀನು ಒತ್ತಿದ್ದೆ ಅಮ್ಮಾ. ತಪ್ಪು ನಂದು," ಅಂದಳು. ಅಜ್ಜಿ, "ಹೋಗ್ಲಿ ಬಿಡೇ," ಅಂದಳು. ಮಾವನಿಗೂ ಫೋನ್ ಹೋಯಿತು. "ಸರಿ, ಬರಲ್ಲ," ಅಂದ ಮಾವ. "ಆದ್ರೆ ಇನ್ನೊಂದ್ಸಲ ಬಿದ್ರೆ ಮಾತ್ರ ನಾನು ಯಾರ ಮಾತೂ ಕೇಳಲ್ಲ."

ಅಮ್ಮ ಗುಂಡಿಯ ಸರ್ಕ್ಯೂಟ್ ಬದಲಿಸಿದಳು. ಈಗ ಒಮ್ಮೆ ಮುಟ್ಟಿ ಬಿಟ್ಟರೂ ಸಾಕು, ರಿಸೀವರ್ ಏಳುವವರೆಗೂ ಅದು ತಾನೇ ಕರೆಯುತ್ತಿರುತ್ತದೆ. ಹೊಸ ಗುಂಡಿಯನ್ನು ಅಜ್ಜಿ ಮುಟ್ಟಿದ್ದೇ ತಡ, ಮಹಡಿಯಲ್ಲಿ ರಿಸೀವರ್ ಮನೆಯೆಲ್ಲ ಒಂದಾಗುವಂತೆ ಕಿರುಚಿತು. ಅಮ್ಮ ಗಾಬರಿಯಿಂದ ಸೋಲ್ಡರಿಂಗ್ ಐರನ್ ಬೆರಳಿಗೆ ತಗುಲಿಸಿಕೊಂಡು ಓಡಿ ಬಂದಳು.

"ಏನಾಯ್ತಮ್ಮಾ?"

"ನೀರು," ಅಂದಳು ಅಜ್ಜಿ ಮೆಲ್ಲಗೆ. ಅವಳು ನೋಡುತ್ತಿದ್ದುದು ಅಮ್ಮನ ಸುಟ್ಟ ಬೆರಳನ್ನು.

ಆಮೇಲೆ ರಿಸೀವರ್ ಕಿರುಚಿದ್ದೇ ಇಲ್ಲ. "ನೋಡು, ಈಗ ಅಜ್ಜಿ ಎಷ್ಟು ಹುಷಾರಾಗಿದಾಳೆ," ಅಂದಳು ಅಮ್ಮ. ಚೋಟಿ ಹೂಂ ಅಂದಳು. ಆದರೆ ಲೆಕ್ಕ ಮಾಡುತ್ತಾ ಕೂತಾಗೆಲ್ಲ ಅವಳ ಕಿವಿ ಮಹಡಿಯ ಕಡೆಗೇ ಇರುತ್ತಿತ್ತು.

ಒಂದು ಸಂಜೆ ಅವಳು ಪೆನ್ಸಿಲ್ ಇಟ್ಟು ಎದ್ದಳು. ಯಾರೂ ಕರೆದಿರಲಿಲ್ಲ. ಅಜ್ಜಿಯ ಕೋಣೆಯ ಬಾಗಿಲು ತಳ್ಳಿದಳು.

ಅಜ್ಜಿ ಮಂಚದ ತುದಿಗೆ ಸರಿದು, ಗೋಡೆ ಹಿಡಿದು ಒಬ್ಬಳೇ ಏಳಲು ಹೆಣಗುತ್ತಿದ್ದಳು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಗುಂಡಿಯನ್ನು ಬಟ್ಟೆಯೊಳಗೆ ಸಿಕ್ಕಿಸಿಕೊಂಡಿದ್ದಳು, ತಪ್ಪಿಯೂ ಕೈ ತಾಗದ ಹಾಗೆ.

"ಏನಾದ್ರೂ ಬೇಕಿತ್ತಾ ಅಜ್ಜೀ?"

"ಏನೂ ಇಲ್ಲ ಮಗಾ. ಹೋಗು, ಓದ್ಕೋ."

ಚೋಟಿ ಹೋಗಲಿಲ್ಲ. ಮಂಚದ ಕೆಳಗೆ ಸರಿದುಹೋಗಿದ್ದ ಚಪ್ಪಲಿಯನ್ನು ಎಳೆದು ಅಜ್ಜಿಯ ಕಾಲಿಗೆ ತೊಡಿಸಿದಳು. ಗುಂಡಿಯ ಮಾತೇ ಎತ್ತಲಿಲ್ಲ. ಸುಮ್ಮನೆ ತೋಳು ಚಾಚಿದಳು. ಅಜ್ಜಿ ಸ್ವಲ್ಪ ಹೊತ್ತು ಆ ತೋಳನ್ನೇ ನೋಡಿ, ಹಿಡಿದುಕೊಂಡು ಎದ್ದಳು. ಇಬ್ಬರೂ ನಿಧಾನವಾಗಿ ಬಚ್ಚಲ ಕಡೆ ನಡೆದರು.

ಲೆಕ್ಕ ಅರ್ಧಕ್ಕೇ ಉಳಿದಿತ್ತು. ಅದನ್ನು ಮುಗಿಸಿ ಇನ್ನೊಮ್ಮೆ ಬಂದು ನೋಡಬೇಕು, ಅಜ್ಜಿ ಕರೆಯಲಿ ಬಿಡಲಿ, ಅಂದುಕೊಂಡಳು ಚೋಟಿ.