ಹಳೆಯ ತಂಗುಮನೆಯ ದಾರಿ

ಅಕ್ಟೋಬರ್ ಹನ್ನೆರಡು, ಸಂಜೆ ನಾಲ್ಕೂ ಇಪ್ಪತ್ತು. ರುಕಾಲೆಮು ಠಾಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದ ಗೈಡ್ ಗಾಸ್ತೋನನ ಭುಜದ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ.

"ಯಾರೋ ನನ್ನ ಕೋಲು ಕಿತ್ತು ಬೇರೆ ಕಡೆ ನೆಟ್ಟಿದ್ದಾರೆ, ಸಾರ್ಜೆಂಟ್. ಬರ್ಕೊಳ್ಳಿ."

ಸಾರ್ಜೆಂಟ್ ಓರಿಯಾನಾ ಕಾರ್ಕಾಮೊ 'ಮಾತೆ' ಎಲೆಯ ಚಹಾ ತುಂಬಿದ ಸೋರೆಬುರುಡೆಯನ್ನು ಪಕ್ಕಕ್ಕಿಟ್ಟು ದೂರಿನ ಪುಸ್ತಕ ಬಿಡಿಸಿದಳು. ಊರವರು 'ಮುದುಕ' ಎಂದೇ ಕರೆಯುವ ಜ್ವಾಲಾಮುಖಿಯ ನೆತ್ತಿಯಿಂದ ಗಾಸ್ತೋನ್ ನಾಲ್ವರನ್ನು ಸ್ಕೀ ಮೇಲೆ ಇಳಿಸಿಕೊಂಡು ಬರುತ್ತಿದ್ದ. ಮೋಡ ಕವಿದಿತ್ತು. ಹಿಮನದಿಯಲ್ಲಿ ಅವನೇ ನೆಟ್ಟಿದ್ದ ಕೆಂಪು ಬಟ್ಟೆಯ ಬಿದಿರುಕೋಲುಗಳೇ ಕಣ್ಣು. ಮಧ್ಯಾಹ್ನ ಒಂದೂ ನಲವತ್ತಕ್ಕೆ, ನಾಲ್ಕನೆಯ ಕೋಲು ದಾಟುತ್ತಲೇ ಇಸಿದೋರಾ ಎಂಬ ಇಪ್ಪತ್ತೆರಡರ ವಿದ್ಯಾರ್ಥಿನಿಯ ಕಾಲಡಿ ಹಿಮ ಕುಸಿಯಿತು. ಒಂಬತ್ತು ಮೀಟರ್ ಆಳದ ಬಿರುಕು. ಮೇಲೆತ್ತಿ ಆಸ್ಪತ್ರೆಗೆ ಸೇರಿಸಿದ್ದಾರೆ; ತೊಡೆಯ ಮೂಳೆ ಮುರಿದಿದೆ, ಉಸಿರಿದೆ.

"ನೀವೇ ತಪ್ಪು ನೆಟ್ಟಿದ್ರೆ?" ಕಾನ್‌ಸ್ಟೇಬಲ್ ಉಲ್ಲೋವಾ ಕೇಳಿದ.

"ಹದಿನಾರು ವರ್ಷ ನೆಟ್ಟಿದೀನಪ್ಪ. ನನ್ನ ಕೋಲು ಹೊಸ ತಂಗುಮನೆ ಕಡೆ ಇಳೀಬೇಕು. ಇವು ಎಡಕ್ಕೆ ಹೋಗಿವೆ. ನಿನ್ನೆ ಮಧ್ಯಾಹ್ನ ಸರಿಯಾಗೇ ಇದ್ವು; ಇವತ್ತು ಹತ್ತಿದ್ದು ಆಚೆ ಬದಿಯಿಂದ, ನೋಡೋಕಾಗ್ಲಿಲ್ಲ. ತಪ್ಪು ನಂದೇ ಅಂತಾದ್ರೆ ಲೈಸೆನ್ಸ್ ಹೋಯ್ತು. ಆ ಹುಡುಗಿ ಮುಖ ಹೇಗೆ ನೋಡ್ಲಿ?"

"ಯಾರ ಮೇಲೆ ಅನುಮಾನ?"

"ಬಾಸ್ತಿಯಾಸ್, ಆ ಇನ್ನೊಬ್ಬ ಗೈಡು. ಗಿರಾಕಿಗಳಿಗೋಸ್ಕರ ಕಚ್ಚಾಡೋನು ಅವನೊಬ್ಬನೇ."

ಸಂಜೆ ಆರಕ್ಕೆ ಬಾಸ್ತಿಯಾಸ್ ತನ್ನ ಅಂಗಡಿಯಲ್ಲಿ ಸ್ಕೀಗೆ ಮೇಣ ಸವರುತ್ತಾ ಸಿಕ್ಕಿದ.

"ಗಾಸ್ತೋನ್ ಅಂದ್ರೆ ಮೈ ಉರಿಯುತ್ತೆ ಮೇಡಂ, ಅದು ನಿಜ. ಆದ್ರೆ ಅವನ ಕೋಲು ನೋಡ್ಕೊಂಡೇ ನನ್ನ ಮಗಳೂ ಇಳೀತಾಳೆ. ಕೋಲಿಗೆ ಕೈ ಹಾಕೋನು ಈ ಊರಲ್ಲಿ ಹುಟ್ಟಿಲ್ಲ."

"ಹನ್ನೊಂದನೇ ತಾರೀಕು ಎಲ್ಲಿದ್ದೆ?"

"ತೆಮುಕೋದಲ್ಲಿ, ಹಲ್ಲಿನ ಡಾಕ್ಟರ್ ಹತ್ರ. ಬೇಕಾದ್ರೆ ಬಾಯಿ ನೋಡಿ."

ಅವನು ಬಾಯಿ ಕಳೆದ. ಉಲ್ಲೋವಾ ಬಗ್ಗಿ ನೋಡಿಯೇ ಬಿಟ್ಟ. ಚೀಟಿಯ ದಿನಾಂಕವೂ ತಾಳೆಯಾಯಿತು.

ಹದಿಮೂರರ ಬೆಳಗ್ಗೆ ಒಂಬತ್ತಕ್ಕೆ ಓರಿಯಾನಾ, ಉಲ್ಲೋವಾ, ಗಾಸ್ತೋನ್ ಹಗ್ಗ ಕಟ್ಟಿಕೊಂಡು ಹಿಮನದಿಯ ಮೇಲೆ ಮಹಜರು ನಡೆಸಿದರು. ಕೋಲುಗಳು ಒಟ್ಟು ಹನ್ನೊಂದು. ಒಂದೊಂದರ ಜಾಗವನ್ನೂ ಉಲ್ಲೋವಾ ನಕ್ಷೆಯಲ್ಲಿ ಗುರುತು ಮಾಡಿದ. ಅಂತರಗಳು ಹಗ್ಗ ಹಿಡಿದು ಅಳೆದಂತೆ ಸಮನಾಗಿದ್ದವು.

"ಕಿಡಿಗೇಡಿ ಕೆಲಸ ಅಲ್ಲ ಇದು," ಗಾಸ್ತೋನ್ ಗೊಣಗಿದ. "ನನಗಿಂತ ಚೆನ್ನಾಗಿ ನೆಟ್ಟಿದ್ದಾನೆ ಬಡ್ಡಿಮಗ."

ಕೋಲುಗಳ ಪಕ್ಕದಲ್ಲೇ ಹತ್ತಿಹೋದವನ ಸ್ಕೀ ಗುರುತು ಹೆಪ್ಪುಗಟ್ಟಿತ್ತು. ಅಂಕುಡೊಂಕಾದ ದಾರಿಯ ಮೊದಲ ತಿರುವಿನ ಬಳಿ ಓರಿಯಾನಾ ಮಂಡಿಯೂರಿದಳು. ಈಗಿನವರೆಲ್ಲ ತಿರುಗುವುದು ಬೆಟ್ಟಕ್ಕೆ ಮುಖ ಮಾಡಿ. ಇವನು ಬೆಟ್ಟಕ್ಕೆ ಬೆನ್ನು ಹಾಕಿ, ಕೆಳಗಿನ ಸರೋವರದ ಕಡೆ ಮುಖ ಮಾಡಿ, ಒಂದೊಂದೇ ಕಾಲೆತ್ತಿ ತಿರುಗಿದ್ದ. ಎರಡನೆಯ ತಿರುವಲ್ಲೂ ಹಾಗೆಯೇ. ಮೂರನೆಯದರಲ್ಲೂ.

ಎಂಟನೆಯ ವಯಸ್ಸಿನಲ್ಲಿ ಸ್ಕೀ ಕಲಿಸಿದವರ ದನಿ ಓರಿಯಾನಾಳ ಕಿವಿಯಲ್ಲೇ ಇತ್ತು: "ಸರೋವರದ ಕಡೆ ತಿರುಗು ಮಗಳೇ. ಪ್ರತಿ ಸಲವೂ ಮನೆ ಎಲ್ಲಿದೆ ಅಂತ ನೋಡ್ಕೋಬೇಕು."

ಈ ಗುರುತು ಅವರದಾಗದಿರಲಿ ಎಂದು ಇಳಿಯುವಾಗ ದಾರಿಯುದ್ದಕ್ಕೂ ಬೇಡಿಕೊಂಡಳು. ಠಾಣೆಯ ಮೇಜಿನ ಮೇಲೆ ನಕ್ಷೆ ಹಾಸಿ ಹನ್ನೊಂದು ಚುಕ್ಕೆಗಳ ಮೇಲೆ ಸ್ಕೇಲಿಟ್ಟಳು. ಗೆರೆ ಹೊಸ ತಂಗುಮನೆಯನ್ನು ಮುಟ್ಟಲೇ ಇಲ್ಲ. ಎಡಕ್ಕೆ ಸರಿದು, ಕಪ್ಪು ಕಲ್ಲಿನ ಬಯಲಲ್ಲಿ ನಿಂತಿತು.

"ಅಲ್ಲೇನೂ ಇಲ್ವಲ್ಲ ಮೇಡಂ," ಎಂದ ಉಲ್ಲೋವಾ.

"ಇತ್ತು. ಹಳೇ ತಂಗುಮನೆ. ಇಪ್ಪತ್ತನಾಲ್ಕು ವರ್ಷದ ಹಿಂದೆ 'ಮುದುಕ' ಸಿಡಿದಾಗ ಕೆಸರು ಬಂದು ಕೊಚ್ಚಿಕೊಂಡು ಹೋಯ್ತು."

"ಇಲ್ಲದಿರೋ ಮನೆಗೆ ಯಾರು ದಾರಿ ಮಾಡ್ತಾರೆ?"

ಓರಿಯಾನಾ ಟೋಪಿ ಹಾಕಿಕೊಂಡಳು.

ಮಧ್ಯಾಹ್ನ ಮೂರೂ ಹತ್ತಕ್ಕೆ ಊರಿನ ಹಳೆಯ ಗೈಡ್ ದೊನ್ ನಿಬಾಲ್ದೊ ಬಾಗಿಲು ತೆರೆದ. ಎಪ್ಪತ್ತೆರಡು ವರ್ಷ, ಬಿಸಿಲಿಗೆ ಸುಟ್ಟ ಮುಖ, ಬಲ ಮಂಡಿಗೆ ಬಟ್ಟೆ ಸುತ್ತಿತ್ತು. ಒಲೆಯ ಮೇಲಿನ ಬಾಣಲೆಯಲ್ಲಿ ಪೂರಿಯಂಥ ಕುಂಬಳದ ಸೊಪೈಪೀಯಾ ಬೇಯುತ್ತಿದ್ದವು.

"ಬಾ ಮಗಳೇ. ಸಮವಸ್ತ್ರದಲ್ಲಿ ಬಂದಿದೀಯ, ತಿಂತೀಯೋ ಇಲ್ವೋ?"

"ಮಂಡಿಗೇನಾಯ್ತು, ದೊನ್ ನಿಬಾಲ್ದೊ?"

"ಜಾರಿದೆ."

"ಎಲ್ಲಿ?"

ನಿಬಾಲ್ದೊ ಎಣ್ಣೆಯನ್ನೇ ನೋಡುತ್ತಿದ್ದ. "ತಿರುವು ನೋಡಿದೆ, ಅಲ್ವಾ?"

"ನೋಡಿದೆ."

"ನಿನಗೆ ಅಷ್ಟು ಚೆನ್ನಾಗಿ ಕಲಿಸಬಾರದಾಗಿತ್ತು." ನಗಲು ನೋಡಿದ, ಆಗಲಿಲ್ಲ. "ಆ ಹುಡುಗಿ ಬದುಕ್ತಾಳಾ?"

"ಬದುಕ್ತಾಳೆ. ನಡೆಯೋಕೆ ವರ್ಷ ಬೇಕು."

ಅವನು ಒಲೆ ಆರಿಸಿ, ಕುರ್ಚಿಗೆ ಆತು ಕೂತ. ಉಲ್ಲೋವಾ ಹೇಳಿಕೆ ಬರೆದುಕೊಂಡ.

ಇಪ್ಪತ್ತೊಂಬತ್ತು ವರ್ಷದ ಹಿಂದೆ, ಅಕ್ಟೋಬರ್ ಹನ್ನೊಂದರಂದು ನಿಬಾಲ್ದೊನ ಹೆಂಡತಿ ಎಲ್ಬಾ ಒಬ್ಬಳೇ ನೆತ್ತಿಗೆ ಹತ್ತಿದ್ದಳು. ಅಂದು ಕೆಂಪು ಬಟ್ಟೆ ಬದಲಿಸಲೆಂದು ದಾರಿಯ ಕೋಲುಗಳನ್ನೆಲ್ಲ ಅವನೇ ಕಿತ್ತು ತಂದಿದ್ದ. ಮಧ್ಯಾಹ್ನ ಮೋಡ ಇಳಿಯಿತು. ಎಲ್ಬಾ ಇಳಿಯಲಿಲ್ಲ, ಅವಳ ಕೈಗವಸು ಕೂಡ ಸಿಗಲಿಲ್ಲ.

"ಅವತ್ತಿಂದ ಪ್ರತಿ ವರ್ಷ ಅದೇ ದಿನ ಸಂಜೆ ಹಳೇ ದಾರೀಲಿ ಕೋಲು ನೆಡ್ತೀನಿ. ಬೆಳಗಾಗೋ ಹೊತ್ತಿಗೆ, ಯಾರೂ ಹತ್ತೋಕೆ ಮುಂಚೆ ಹೋಗಿ ಸರಿ ಮಾಡಿ ಬರ್ತೀನಿ. ಈ ಸಲ ಮಂಡಿ ಎದ್ದೇಳೋಕೆ ಬಿಡ್ಲಿಲ್ಲ. ಮೋಡ ಇದೆ, ಯಾರೂ ಹತ್ತಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ."

"ಫೋನ್ ಮಾಡಬಹುದಿತ್ತು."

"ಏನಂತ ಹೇಳ್ಲಿ? ನಾಚಿಕೆ ಆಯ್ತು ಮಗಳೇ."

"ಹಿಮನದಿ ಮೊದಲಿನ ಹಾಗಿಲ್ಲ. ನಿಮ್ಮ ಹಳೇ ದಾರೀಲಿ ಈಗ ಬಿರುಕಿದೆ. ನೆಡಲೇಬೇಕಂದ್ರೆ ಹೊಸ ಮನೆ ಕಡೆ ನೆಡಬಹುದಿತ್ತಲ್ಲ?"

ನಿಬಾಲ್ದೊ ಅವಳನ್ನು ನೋಡಿದ ರೀತಿಯಲ್ಲಿ, ಎಂಟು ವರ್ಷದ ಹುಡುಗಿಯ ದಡ್ಡ ಪ್ರಶ್ನೆಗೆ ತೋರುತ್ತಿದ್ದ ಅದೇ ತಾಳ್ಮೆ ಇತ್ತು.

"ಹೊಸ ಮನೆ ಕಟ್ಟೋವಾಗ ಎಲ್ಬಾ ಇರ್ಲಿಲ್ವಲ್ಲ. ಅವಳಿಗೆ ಆ ದಾರಿ ಗೊತ್ತಿಲ್ಲ."

ಮೂರೂ ಐವತ್ತಕ್ಕೆ ದಸ್ತಗಿರಿ. ಕೋಳ ಹಾಕಲಿಲ್ಲ. ಜೀಪು ಹತ್ತುವಾಗ ಕೇಳಿದ, "ಕೋಲು ಸರಿ ಮಾಡಿದ್ರಾ?"

"ಗಾಸ್ತೋನ್ ಮಾಡ್ತಿದ್ದಾನೆ. ಹೊಸ ಮನೆ ಕಡೆಗೆ."

"ಒಳ್ಳೇದು." ಜೀಪಿನ ಕಿಟಕಿಯಿಂದ ಬೆಟ್ಟದ ಕಡೆ ನೋಡಿದ. "ಆದ್ರೆ ಅವಳು ಬಂದು ಕೇಳಿದ್ರೆ, ಅಲ್ಲಿರೋರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ."

ವರದಿಯಲ್ಲಿ ಓರಿಯಾನಾ ಹೀಗೆ ಬರೆದಳು: ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ. ಗೈಡಿನ ತಪ್ಪಿಲ್ಲ. ಯಾರಿಗೂ ಕೇಡು ಮಾಡುವ ಉದ್ದೇಶವಿರಲಿಲ್ಲ. ಹೆಂಡತಿಗೆ ದಾರಿ ತೋರಿಸುವುದು ಉದ್ದೇಶವಾಗಿತ್ತು.

ಮರುದಿನ ಕೊನೆಯ ಅಳತೆಗೆಂದು ಉಲ್ಲೋವಾ ಬೆಟ್ಟಕ್ಕೆ ಹೊರಟಾಗ ಅವಳು ಕರೆದು ನಿಲ್ಲಿಸಿದಳು.

"ಹೊಸ ತಂಗುಮನೆ ರಿಜಿಸ್ಟರಲ್ಲಿ ಒಂದು ಸಾಲು ಬರೆದು ಬಾ."

"ಏನಂತ, ಮೇಡಂ?"

"ದೊನ್ ನಿಬಾಲ್ದೊ ಕೆಳಗೆ ಊರಿನ ಠಾಣೇಲಿ ಇದ್ದಾರೆ ಅಂತ. ಯಾರಾದ್ರೂ ಕೇಳ್ಕೊಂಡು ಬಂದ್ರೆ ಗೊತ್ತಾಗ್ಲಿ."