ಅಳಿಸಿಹೋದ ಗುಳಿಗಳು

"ಇವನ್ಯಾರ್ರೀ?"

ಕಾಂತರಾಜ್ ತನ್ನದೇ ಫೋಟೋವನ್ನು ಕೌಂಟರಿನ ಮೇಲಿಟ್ಟು ಕೇಳಿದ. ಕಡೂರಿನ ಆ ಸ್ಟುಡಿಯೋದಲ್ಲಿ ಮದುವೆ ಸಂಬಂಧಕ್ಕೆ ಕಳಿಸಲೆಂದು ತೆಗೆಸಿದ ಫೋಟೋಗಳನ್ನೆಲ್ಲ ಅಶ್ವಿನಿ ಕಂಪ್ಯೂಟರಿನಲ್ಲಿ ನುಣುಪು ಮಾಡಿಯೇ ಕೊಡುತ್ತಿದ್ದಳು. ಯಾರೂ ಕೇಳಬೇಕಾಗಿರಲಿಲ್ಲ.

"ನೀವೇ ಅಲ್ವಾ ಸರ್?"

"ಯಗಟಿಯಿಂದ ಹುಡುಗಿ ಕಡೆಯೋರು ಮನೆ ನೋಡೋಕೆ ಬಂದಿದ್ರು. ಉಪ್ಪಿಟ್ಟು ತಿಂದು, ಹುಡುಗನ್ನ ಕರೀರಿ ಅಂದ್ರು. ನಾನು ಎದುರಿಗೇ ಕೂತಿದ್ದೆ ಕಣ್ರೀ!"

ಅವಳಿಗೆ ನಗು ಬಂತು. ಮಾಸ್ಕ್ ಬಾಯಿಯನ್ನು ಮುಚ್ಚಿತ್ತು, ಆದರೂ ನಗು ಕಣ್ಣಿನಲ್ಲಿ ಸಿಕ್ಕಿಬಿತ್ತು.

"ನಗ್ರೀ, ನಗ್ರೀ. ಮುಖದಲ್ಲೇ ಮೋಸ ಮಾಡೋರು ಇನ್ಯಾವುದ್ರಲ್ಲಿ ಬಿಡ್ತಾರೆ ಅಂತ ಬೈದು ಹೋದ್ರು."

ಅವನ ಎರಡೂ ಕೆನ್ನೆಗಳಲ್ಲಿ ಮೊಡವೆ ಬಿಟ್ಟುಹೋದ ಗುಳಿಗಳಿದ್ದವು. ಅಳಿಸುವಾಗ ಅಶ್ವಿನಿ ಗುಳಿಗಳನ್ನಷ್ಟೇ ನೋಡಿದ್ದಳು. ಮುಖವನ್ನು ನೋಡಿದ್ದು ಈಗ.

"ಬನ್ನಿ, ಕೂತ್ಕೊಳ್ಳಿ. ಇರೋ ಹಂಗೇ ತೆಗೀತೀನಿ."

ಲೈಟು ಹಾಕಿದಳು. "ಗಲ್ಲ ಸ್ವಲ್ಪ ಕೆಳಗೆ. ಹಾಂ. ಇವು... ಹೆಂಗಾದ್ವು?"

"ಅಜ್ಜಂಪುರದ ಹಾಸ್ಟೆಲಲ್ಲಿ ಇದ್ದಾಗ. ಕನ್ನಡಿ ಮುಂದೆ ನಿಂತು ಹುಡುಗ್ರೆಲ್ಲ ಪಂದ್ಯ ಕಟ್ಟಿ ಮೊಡವೆ ಒತ್ಕೊಳ್ತಿದ್ವಿ. ನಾನೇ ಚಾಂಪಿಯನ್."

"ಒತ್ತಿದ್ರೆ ಕೀವು ಹೋಗ್ಬಿಡುತ್ತಲ್ಲ?"

"ನಾನೂ ಹಂಗೇ ಅಂದ್ಕೊಂಡಿದ್ದೆ. ಚರ್ಮದ ರಂಧ್ರದಲ್ಲಿ ಜಿಡ್ಡು, ಸತ್ತ ಚರ್ಮ ಸೇರಿ ಬಾಯಿ ಕಟ್ಕೊಳ್ಳುತ್ತಂತೆ. ಒಳಗೆ ಬ್ಯಾಕ್ಟೀರಿಯಾ ಹೆಚ್ಚಿ ಊದ್ಕೊಳ್ಳುತ್ತೆ. ಒತ್ತಿದ್ರೆ ಒಳಗಡೆನೂ ಒಡೆದು ಸುತ್ತಲಿನ ಚರ್ಮ ಹಾಳಾಗುತ್ತೆ. ಗಾಯ ಮಾಯ್ದಾಗ ಪೂರ್ತಿ ತುಂಬ್ಕೊಳ್ಳಲ್ಲ. ಶಿವಮೊಗ್ಗದ ಡಾಕ್ಟ್ರು ಇದನ್ನ ಹೇಳೋ ಹೊತ್ತಿಗೆ ನಾನು ಚಾಂಪಿಯನ್ ಆಗಿ ವರ್ಷಗಳೇ ಆಗಿತ್ತು."

ಅಶ್ವಿನಿಯ ಬೆರಳು ತಾನಾಗಿ ಮಾಸ್ಕಿನೊಳಗೆ ಹೋಯಿತು.

"ಒತ್ತಬೇಡ್ರೀ," ಅಂದ.

"ನಿಮಗ್ಯಾಕೆ?"

ಸಿಟ್ಟಿನಲ್ಲಿ ಮಾಸ್ಕ್ ಎಳೆದುಬಿಟ್ಟಳು. ನೋಡಿ ಹೆದರಿ ಹೋಗಲಿ ಎಂದೇ ಎಳೆದಿದ್ದಳು. ದವಡೆಯುದ್ದಕ್ಕೂ ಕೆಂಪು ಗಂಟುಗಳು, ಕೆಲವು ಕೀವು ತುಂಬಿ ಬಿಗಿದಿದ್ದವು. ಅವನು ಮುಖ ತಿರುಗಿಸಲಿಲ್ಲ. ಚೆನ್ನಾಗಿದ್ದೀರಿ ಎಂಬ ಸುಳ್ಳನ್ನೂ ಹೇಳಲಿಲ್ಲ.

"ನೋಯ್ತವಾ?" ಅಂದ.

ಜಾಯಿಕಾಯಿ ತೇದು ಹಚ್ಚು, ಕರಿದಿದ್ದು ಬಿಡು ಎಂದು ಊರೆಲ್ಲ ಹೇಳಿತ್ತು. ನೋಯುತ್ತದೆಯೇ ಎಂದು ಈವರೆಗೆ ಯಾರೂ ಕೇಳಿರಲಿಲ್ಲ.

"ರಾತ್ರಿ ಮಗ್ಗುಲಾಗಿ ಮಲಗಕ್ಕಾಗಲ್ಲ," ಎಂದಳು. "ಮದ್ವೆ ಆದ್ರೆ ತಾನಾಗೇ ಹೋಗ್ತವೆ ಅಂತಾರೆ ನಮ್ಮಮ್ಮ."

"ಹಾಸ್ಟೆಲಲ್ಲೂ ಹಂಗೇ ಅಂದಿದ್ರು. ಅದನ್ನ ನಂಬ್ಕೊಂಡು ಕೂತೆ. ಈಗ ಇವುಗಳಿಂದ ಮದ್ವೇನೇ ಆಗ್ತಿಲ್ಲ!"

ಇಬ್ಬರೂ ನಕ್ಕರು. ಫೋಟೋ ತೆಗೆಯುವುದು ಹಾಗೇ ಉಳಿಯಿತು.

ಆಮೇಲೆ ಅವನಿಗೆ ಸ್ಟುಡಿಯೋದಲ್ಲಿ ಪದೇ ಪದೇ ಕೆಲಸ ಬಿತ್ತು. ಅಜ್ಜಂಪುರದ ತನ್ನ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಬಿಟ್ಟು, ಒಂದು ಲ್ಯಾಮಿನೇಷನ್‌ಗೆ ಕಡೂರಿಗೆ ಬರುತ್ತಿದ್ದ. ಅಶ್ವಿನಿ ಅಮ್ಮನನ್ನು ಕರೆದುಕೊಂಡು ಅದೇ ಡಾಕ್ಟರ ಬಳಿ ಹೋಗಿ ಬಂದಳು. ಮುಲಾಮು ಹಚ್ಚತೊಡಗಿದ ಮೇಲೆ ಮೊದಲು ಚರ್ಮ ಸುಲಿದು ಇನ್ನಷ್ಟು ಕೆಂಪಾಯಿತು. ಟ್ಯೂಬನ್ನು ಕಸದ ಬುಟ್ಟಿಗೆ ಹಾಕುವವಳಿದ್ದಳು.

"ತಾಳ್ರೀ, ಹಂಗೇ ಆಗೋದು ಅಂತ ಡಾಕ್ಟ್ರೇ ಹೇಳಿಲ್ವಾ?" ಎಂದು ತಡೆದ. ಹಚ್ಚುತ್ತಾ ಹೋದಳು. ಹೊಸ ಗಂಟು ಏಳುವುದು ನಿಧಾನವಾಗಿ ಕಮ್ಮಿಯಾಯಿತು.

ಮತ್ತೆ ತೋರಿಸಿಕೊಳ್ಳಲು ಅವಳೊಬ್ಬಳೇ ರೈಲಿನಲ್ಲಿ ಶಿವಮೊಗ್ಗಕ್ಕೆ ಹೊರಟ ದಿನ ಬೀರೂರಿನಲ್ಲಿ ಅವನೂ ಅದೇ ಬೋಗಿ ಹತ್ತಿದ. ಅಚಾನಕ್ ಸಿಕ್ಕೆವು ಎಂದು ಇಬ್ಬರೂ ನಟಿಸಿದರು.

"ನಿಮ್ಮ ಗುಳಿಗಳಿಗೆ ಡಾಕ್ಟ್ರು ಏನಂತಾರೆ?"

"ಸ್ವಲ್ಪ ತುಂಬಿಸಬಹುದಂತೆ. ಪೂರ್ತಿ ಹೋಗಲ್ಲ. ನಿಮಗೂ ಹಳೇವು ಒಂದೆರಡು ಉಳೀತವೆ."

"ಉಳೀಲಿ ಬಿಡಿ."

ತರೀಕೆರೆ ಬಂತು. ಕಿಟಕಿಯ ಬಿಸಿಲು ಅವಳ ಬರಿಯ ಕೆನ್ನೆಯ ಮೇಲೆ ಬಿತ್ತು. ಮುಖ ತಿರುಗಿಸಿಕೊಳ್ಳಲಿಲ್ಲ. ಅವನು ಕದ್ದು ನೋಡಿದ. ಅವಳು ಕದಿಯದೆಯೇ ನೋಡಿದಳು. ಅವನ ಕಿವಿ ಕೆಂಪಾಯಿತು.

ಅವನ ಫೋನ್ ಬಡಿದುಕೊಂಡಿತು. ತಾಯಿ ಗುರುಶಾಂತಮ್ಮ. ಬುಕ್ಕಾಂಬುಧಿಯ ಕಡೆಯ ಹುಡುಗಿಯೊಬ್ಬಳಿಗೆ ಇವನ ಫೋಟೋ ಬೇಕಂತೆ, ಈಗಲೇ.

ಫೋನಿಗೆ ಕೈ ಅಡ್ಡ ಹಿಡಿದ. "ಯಾವ್ದು ಕಳಿಸ್ಲಿ? ನುಣುಪು ಮಾಡಿದ್ದಾ? ಇರೋ ಹಂಗೆ ತೆಗೀತೀನಿ ಅಂದೋರು ತೆಗೀಲೇ ಇಲ್ಲ."

"ಯಾವ್ದೂ ಬೇಡ."

"ಯಾಕ್ರೀ? ಹುಡುಗಿ ನೋಡ್ಬೇಕಲ್ಲ?"

"ಹುಡುಗಿ ನೋಡಿದ್ದಾಯ್ತು," ಎಂದಳು ಅಶ್ವಿನಿ. "ಒಪ್ಪಿಗೇನೂ ಆಯ್ತು."

ಫೋನಿನೊಳಗಿಂದ "ಏನಪ್ಪಾ, ಕೇಳಿಸ್ತಾ ಐತಾ?" ಎನ್ನುತ್ತಿತ್ತು ತಾಯಿಯ ದನಿ.

"ಕೇಳಿಸ್ತಮ್ಮಾ," ಅಂದ ಕಾಂತರಾಜ್, ಅಶ್ವಿನಿಯನ್ನೇ ನೋಡುತ್ತ. "ಚೆನ್ನಾಗಿ ಕೇಳಿಸ್ತು. ಭಾನುವಾರ ಕಡೂರಿಗೆ ಹೋಗ್ಬೇಕು, ರೆಡಿ ಇರು."